ಯಾರ ಕಡೆ ಹುಡುಗ?

ತಾಲ್ಲೂಕು ಕಬಡ್ಡಿ ತಂಡದ ಆಯ್ಕೆದಾರರು ಶಾಮಿಯಾನದಡಿ ಅಂಕಣಕ್ಕೆ ಬೆನ್ನು ಹಾಕಿ ಕೂತಿದ್ದರು. ಮುಂದೆ ಬೋಂಡಾ ತಟ್ಟೆ. ಯಾವ ಹೆಸರು ಬಂದರೂ ಒಂದೇ ಪ್ರಶ್ನೆ: "ಯಾರ ಕಡೆ ಹುಡುಗ?"

ಏಳು ಜಾಗದಲ್ಲಿ ಆರು ಹಾಗೇ ತುಂಬಿದವು. ಏಳನೆಯದರಲ್ಲಿ ಮಾದೇಶನ ಹೆಸರಿತ್ತು.

"ಆ ಹೆಸರು ಹೊಡೆದು ಹಾಕಿ ನಮ್ಮ ಭಾವಮೈದನ ಮಗನ್ನ ಬರಿ," ಎಂದರು ಅಧ್ಯಕ್ಷ ರುದ್ರೇಗೌಡರು.

ಇಟ್ಟಿಗೆ ಗೂಡಿನ ಮಾದೇಶ ಬೆಳಿಗ್ಗೆಯಿಂದ ಒಬ್ಬನೇ ಹದಿನೆಂಟು ಪಾಯಿಂಟ್ ತಂದಿದ್ದ. ಭಾವಮೈದನ ಮಗನಿಗೆ ನಡುಗೆರೆ ದಾಟುವಷ್ಟರಲ್ಲೇ ಉಸಿರು ಕಟ್ಟುತ್ತಿತ್ತು.

ಪಟ್ಟಿ ಬರೆಯುತ್ತಿದ್ದ ಗುಮಾಸ್ತ ಪುಟ್ಟಸಿದ್ದಯ್ಯ ಎದುರಾಡಲಿಲ್ಲ. ಒಂದು ಬಿಳಿ ಹಾಳೆ ಮುಂದಿಟ್ಟು ದನಿ ತಗ್ಗಿಸಿದ. "ಮಾದೇಶನ್ನ ತೆಗೆಸಿದ್ದು ನಾನೇ ಅಂತ ಬರೆದು ಸೈನ್ ಹಾಕ್ಕೊಡಿ ಸಾರ್. ನಾಳೆ ಯಾರಾದ್ರೂ ಕೇಳಿದ್ರೆ ನನ್ನ ತಲೆಗೆ ಬರಬಾರದು."

ಬೋಂಡಾ ಗೌಡರ ಗಂಟಲಲ್ಲೇ ನಿಂತಿತು. "ಕೇಳೋರು ಯಾರಯ್ಯ? ಅವನು ಯಾರ ಕಡೆ?"

"ಅದೊಂದು ನನ್ನ ಬಾಯಲ್ಲಿ ಹೇಳಿಸಬೇಡಿ ಸಾರ್."

ಗೌಡರು ಹಾಳೆಯನ್ನು ಹಾವು ಕಂಡಂತೆ ಆಚೆ ತಳ್ಳಿದರು. "ಮಾದೇಶನೇ ಇರಲಿ ಬಿಡು. ಒಳ್ಳೆ ಆಟಗಾರ. ಬೆಳಿಗ್ಗೆಯಿಂದ ನೋಡ್ತಾನೇ ಇದೀನಲ್ಲ!" ಬೆನ್ನಿಗೇನಾದರೂ ಕಣ್ಣಿತ್ತೋ ಏನೋ. ಉಳಿದ ಆಯ್ಕೆದಾರರೂ ಬಾಯಿ ತುಂಬ ಹೊಗಳಿದರು.

ಪಟ್ಟಿ ಗೋಡೆಗೆ ಅಂಟಿದ ಮೇಲೆ ಗೌಡರು ಗುಮಾಸ್ತನನ್ನು ಪಕ್ಕಕ್ಕೆ ಕರೆದರು. "ಈಗಲಾದ್ರೂ ಹೇಳಯ್ಯ, ಯಾರ ಕಡೆಯವನು?"

"ಯಾರ ಕಡೆಯವನೂ ಅಲ್ಲ ಸಾರ್. ಚೆನ್ನಾಗಿ ಆಡ್ತಾನೆ, ಅಷ್ಟೇ."

"ಅಯ್ಯೋ ಪಾಪಿ! ಅದನ್ನ ಆಗಲೇ ಬಾಯಿಬಿಟ್ಟು ಹೇಳೋಕೇನಾಗಿತ್ತು?"

"ಹೇಳಿದ್ರೆ ನೀವು ತಗೋತಿರಲಿಲ್ವಲ್ಲ ಸಾರ್."