ಪನ್ನೀರು ಬೆರೆಸಿದ ಪಾತ್ರೆ

"ಕೇಳ್ರಪ್ಪೋ ಕೇಳಿ! ದೊರೆ ಹೊನ್ನರಸರ ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವರ ತಲೆ ಹೋಗುತ್ತದೆ!"

ಕೆಂಗೋಟೆಯಲ್ಲಿ ಡಂಗುರ ಸಾರುವವನಿಗೂ ಇದನ್ನು ಹೇಳಿ ಹೇಳಿ ಸಾಕಾಗಿತ್ತು. ದೊರೆಗಂತೂ ಬದುಕೇ ಸಾಕಾಗಿತ್ತು. ಎಡಪಕ್ಕೆ ಊದಿ, ಕೂತರೂ ನೋವು, ಮಲಗಿದರೂ ನೋವು. ರಾಜವೈದ್ಯ ಗುಂಡಾಪಂಡಿತರ ಮದ್ದು ಯಾವುದೂ ನಾಟಲಿಲ್ಲ. ಕೊನೆಗೆ ದೊರೆ ತನ್ನ ನೋವನ್ನೇ ಒಗಟು ಮಾಡಿ ಕೇಳತೊಡಗಿದ.

ಮೊದಲು ಬಂದ ಪರದೇಶದ ಪಂಡಿತ, "ರಕ್ತ ಶುದ್ಧವಾಗಿದೆ ಪ್ರಭು, ರೋಗವಲ್ಲ, ಇದು ಶನಿಕಾಟ" ಎಂದ. ತಲೆ ಹೋಯಿತು. ಆಮೇಲೆ ಬಂದ ಶಸ್ತ್ರವೈದ್ಯ, "ಕೊಲ್ಲುವ ಗಡ್ಡೆ, ಕೊಯ್ಯಬೇಕು" ಎಂದ. ಅವನದೂ ಹೋಯಿತು. ಮತ್ತೆ ಯಾರೂ ಅರಮನೆಯತ್ತ ತಲೆ ಹಾಕಲಿಲ್ಲ. ನೋವು ತಾಳಲಾರದೆ, "ತಪ್ಪೋ ಸರಿಯೋ, ನಾಳೆ ಪಕ್ಕೆ ಕೊಯ್ದೇಬಿಡಿ, ಸತ್ತರೆ ಸತ್ತೆ" ಎಂದು ದೊರೆ ಗುಂಡಾಪಂಡಿತರಿಗೆ ಅಪ್ಪಣೆ ಕೊಟ್ಟ.

ಅದು ಕಿವಿಗೆ ಬಿದ್ದು ಚಿಕ್ಕೀರ ಸಭೆಗೆ ಬಂದ. ದೊರೆಯ ಉಚ್ಚೆಯ ಪಾತ್ರೆ ಹೊತ್ತು ತೊಳೆಯುವವನು ಅವನು. ಸಭೆ ಗೊಳ್ಳೆಂದಿತು.

"ನಿನಗೂ ತಲೆ ಭಾರವಾಯಿತೇನೋ?" ಎಂದ ದೊರೆ.

"ಆಗಿದೆ ಬುದ್ಧಿ. ಕೇಳ್ಬಿಡಿ."

"ಮೇಲಿಂದ ನೀರು ಬರುತ್ತಲೇ ಇದೆ, ಕೆರೆ ಉಬ್ಬುತ್ತಲೇ ಇದೆ, ಗದ್ದೆಗೆ ಮಾತ್ರ ನೀರು ಸಾಲದು. ಯಾಕೆ?"

"ತೂಬು ಕಟ್ಕೊಂಡಿದೆ."

"ಜೋಡೆತ್ತಿನಲ್ಲಿ ಒಂದು ಕುಂಟುತ್ತಿದೆ, ಆದರೂ ಗಾಡಿ ಊರು ಸೇರುತ್ತಿದೆ. ಕುಂಟು ತಿಳಿಯುವುದು ಹೇಗೆ?"

"ಗಾಡಿ ನೋಡಿದ್ರೆ ತಿಳಿಯಲ್ಲ. ದಾರೀಲಿ ಬಿದ್ದ ಹೆಜ್ಜೆ ನೋಡ್ಬೇಕು."

"ಮನೆಯೊಳಗೊಬ್ಬ ಬಾಗಿಲು ಬಡಿಯುತ್ತಿದ್ದಾನೆ. ಕೊಲ್ಲಬೇಕಾದ ಕಳ್ಳನೋ, ಬಿಡಿಸಬೇಕಾದ ಸೆರೆಯಾಳೋ?"

"ಸೆರೆಯಾಳು ಬುದ್ಧಿ. ಕತ್ತಿ ಬ್ಯಾಡ, ಬಾಗಿಲು ತೆಗೆಸಿ."

"ಅದನ್ನು ಹೇಗೆ ಹೇಳುತ್ತೀಯ?"

"ನಿಮ್ಮ ಉಚ್ಚೆ ಬರ್ತಾ ಬರ್ತಾ ಕಮ್ಮಿ ಆಗ್ತಿದೆ. ತಳದಲ್ಲಿ ಮರಳು ಕೂರ್ತದೆ, ಕೆಂಪು ಎಳೆ ಕಾಣ್ತದೆ."

ಗುಂಡಾಪಂಡಿತರು ಎದ್ದು ನಿಂತರು. "ನಾನು ದಿನಾ ನೋಡುತ್ತೇನಲ್ಲೋ! ಮರಳೂ ಇಲ್ಲ, ಕೆಂಪೂ ಇಲ್ಲ."

"ಎಲ್ಲಿರ್ತದೆ ಸ್ವಾಮಿ? ದೊರೆಗಳ ಹೊಲಸು ಯಾರ ಕಣ್ಣಿಗೂ ಬೀಳಬಾರದು ಅಂತ ಸೋಸಿ, ಪನ್ನೀರು ಕೇಸರಿ ಬೆರೆಸಿ ತಾನೆ ನಿಮಗೆ ಕೊಡೋದು? ಅರಮನೆ ಪದ್ಧತಿ."

ಪಂಡಿತರು ಹಣೆ ಚಚ್ಚಿಕೊಂಡರು. "ಹಾಗಾದರೆ ಕಲ್ಲು ಪ್ರಭು! ಎಡ ಮೂತ್ರಪಿಂಡದ ನಾಳಕ್ಕೆ ಅಡ್ಡ ಕೂತಿದೆ, ನೀರು ಹಿಂದಕ್ಕೆ ನಿಂತು ಪಿಂಡ ಊದಿದೆ. ಬಲಗಡೆಯದು ಎರಡರ ಕೆಲಸವನ್ನೂ ಎಳೆಯುತ್ತಿದೆ, ಅದಕ್ಕೇ ರಕ್ತ ಶುದ್ಧವಾಗಿದೆ. ಗಡ್ಡೆಯಲ್ಲ, ಸಾವೂ ಅಲ್ಲ."

"ಇಷ್ಟು ದಿನ ಯಾಕೋ ಬಾಯಿ ಬಿಡಲಿಲ್ಲ?" ಎಂದ ದೊರೆ.

"ಪಾತ್ರೆ ತೊಳೆಯೋನನ್ನ ಯಾರು ಕೇಳ್ತಾರೆ ಬುದ್ಧಿ? ನಾಳೆ ಕೊಯ್ತಾರೆ ಅಂದಾಗ ಮನಸ್ಸು ತಡೀಲಿಲ್ಲ."

ನೆಗ್ಗಿಲುಮುಳ್ಳಿನ ಕಷಾಯ ಕುಡಿದೂ ಕುಡಿದೂ ಒಂದು ಬೆಳಗ್ಗೆ ದೊರೆ ಅರಚುತ್ತಾ ಕಲ್ಲು ಹೆತ್ತ. ಜೋಳದ ಕಾಳಿಗಿಂತ ಚಿಕ್ಕದು. ಊತ ಇಳಿಯಿತು. ಚಿಕ್ಕೀರನಿಗೆ ಬೇಡಿದಂತೆ ಕೆರೆ ಕೆಳಗಿನ ಗದ್ದೆಯೂ ಹೆಂಚಿನ ಮನೆಯೂ ಸಿಕ್ಕವು.

ಹೊರಡುವಾಗ ಅವನು ಕೇಳಿದ, "ಬುದ್ಧಿ, ಒಗಟಿನ ಉತ್ತರ ನಿಮಗೆ ಮೊದಲೇ ಗೊತ್ತಿತ್ತಾ?"

"ಇಲ್ಲ."

"ಮತ್ತೆ ಆ ಇಬ್ಬರು ಹೇಳಿದ್ದು ತಪ್ಪು ಅಂತ ಹೆಂಗೆ ತಿಳೀತು?"

"ಅವರು ಹೇಳಿದ ಮೇಲೂ ನೋವು ಹೋಗಲಿಲ್ಲವಲ್ಲ."

"ಅವರಿಗೂ ಪನ್ನೀರು ಬೆರೆಸಿದ್ದನ್ನೇ ತಾನೆ ತೋರಿಸಿದ್ದು?"

ಆ ರಾತ್ರಿ ಚಿಕ್ಕೀರ ಹೊಸ ಮನೆಗೆ ಹೋಗಿ, ಚಾಪೆ ಬಿಚ್ಚಿ, ದಣಿವು ತೀರುವಷ್ಟು ಮಲಗಿದ. ದೊರೆಗೆ ಈಗ ಯಾವ ಮಗ್ಗುಲಲ್ಲೂ ನೋವಿರಲಿಲ್ಲ. ನಿದ್ದೆ ಮಾತ್ರ ಹತ್ತಲಿಲ್ಲ.