ಹಾಲಮ್ಮನ ಮಗ ಪಾಡ್‌ಕಾಸ್ಟ್ ಮಾಡಿದ್ದು

ಹೂಂ ಅನ್ನೋರು ಯಾರಿದ್ದೀರಪ್ಪ? ಹೂಂ ಅಂದ್ರೆ ಹೇಳ್ತೀನಿ, ಅನ್ನದಿದ್ರೂ ಹೇಳ್ತೀನಿ. ಹೊಟ್ಟೇಲಿ ಇಟ್ಕೊಂಡು ಕೂರೋ ಕತೆ ಅಲ್ಲ ಇದು.

ಒಂದೂರಲ್ಲಿ ಒಂದು ಡಿಗ್ರಿ ಕಾಲೇಜು. ಕಾಲೇಜಿನ ಗೇಟಿಗೆ ಅಂಟ್ಕೊಂಡು ಹಾಲಮ್ಮನ ಮಂಡಕ್ಕಿ-ಮಿರ್ಚಿ ಗಾಡಿ. ಹಾಲಮ್ಮನಿಗೆ ಒಬ್ಬನೇ ಮಗ, ಕೊಟ್ರ. ಒಳ್ಳೇವನು ಅಂದ್ರೆ ಒಳ್ಳೇವನು, ಪೆದ್ದ ಅಂದ್ರೆ ಪೆದ್ದ! ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಾನೆ, ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಮ್ಮಿಯಿಲ್ಲ. ಪ್ರಶ್ನೆಪತ್ರಿಕೆ ಮೇಲೆ "ಪ್ರಶ್ನೆಗಳನ್ನು ಗಮನವಿಟ್ಟು ಓದಿ" ಅಂತ ಇತ್ತು. ಮೂರು ಗಂಟೆ ಗಮನವಿಟ್ಟು ಓದಿ ಎದ್ದು ಬಂದ. ಹಿಂಗೇ ಎರಡು ಸಲ ಫೇಲು! ಉಳಿದಿರೋದು ಇತಿಹಾಸ ಒಂದೇ, ಅದಕ್ಕೂ ಇದೇ ಕೊನೇ ಸಲ. ಇದೂ ಹೋದ್ರೆ ಹೆಸರು ಹೊಡೆದು ಹಾಕ್ತಾರೆ. "ನನ್ನ ಮಗ ಡಿಗ್ರಿ ಆದೋನು" ಅಂತ ಬಾಯ್ತುಂಬ ಒಂದು ಸಲ ಹೇಳಬೇಕು, ಅಷ್ಟೇ ಹಾಲಮ್ಮನ ಆಸೆ.

ಆ ವರ್ಷ ಇತಿಹಾಸಕ್ಕೆ ಹೊಸ ಮೇಡಂ ಬಂದ್ರು, ಶಶಿರೇಖಾ ಮೇಡಂ ಅಂತ. "ಈ ಸಲ ಬರೆಯೋದು ಬೇಡ, ಪಾಡ್‌ಕಾಸ್ಟ್ ಮಾಡಿ. ಊರಿನ ಹಿರಿಯರನ್ನ ಮಾತಾಡಿಸಿ, ಹತ್ತು ನಿಮಿಷ ರೆಕಾರ್ಡ್ ಮಾಡ್ಕೊಂಡು ಬನ್ನಿ. ಅದನ್ನ ಕೇಳಿ ಮಾರ್ಕ್ಸ್ ಕೊಡ್ತೀವಿ" ಅಂದ್ರು.

ಕೊಟ್ರ ಕುಣ್ಕೊಂಡು ಗಾಡಿ ಹತ್ರ ಬಂದ. ಹಾಲಮ್ಮ ಸೌಟು ಕೆಳಗಿಟ್ಟಳು.

"ಪೇಪರ್ ಇಲ್ವಾ?"

"ಇಲ್ಲವ್ವ."

"ಪೆನ್ನು?"

"ಇಲ್ಲವ್ವ."

"ಮತ್ತೆ ಪರೀಕ್ಷೆ ಹೆಂಗಲೇ?"

"ಫೋನಿಗೆ ಮಾತಾಡೋದು, ಆಮೇಲೆ ಅವರು ಕೇಳೋದು!"

"ಏನೋ ಐತೆ ಇದರೊಳಗೆ!" ಅಂದಳು ಹಾಲಮ್ಮ. ಇಪ್ಪತ್ತು ವರ್ಷದಿಂದ ಆ ಗೇಟಲ್ಲಿ ಮೇಷ್ಟ್ರುಗಳ ಕೈ ನೋಡಿದೋಳು ಅವಳು. ಮಿರ್ಚಿ ತಗೊಳ್ಳೋ ಕೈಗೆ ಸೀಮೆಸುಣ್ಣ ಮೆತ್ತಿರ್ತಿತ್ತು. ಈ ಮೇಡಂ ಕೈ ನೋಡಿದ್ರೆ ತೊಳೆದಿಟ್ಟ ಹಾಗಿದೆ. ಪಾಠ ಮಾಡೋ ಕೈಯಾ ಇದು?

ಮೇಡಂ ಕೊಟ್ರನಿಗೆ ಹೇಳಿದ್ರು, "ಮೊದಲು ಒಂದು ಪಾಡ್‌ಕಾಸ್ಟ್ ಕೇಳು. ಕಣ್ಣು ಮುಚ್ಕೊಂಡು ಕೇಳು, ಎಲ್ಲಾ ಕಣ್ಣಿಗೆ ಕಟ್ಟಿದ ಹಾಗೆ ಕಾಣ್ಸುತ್ತೆ."

ಮಾರನೇ ದಿನ ಹಾಲಮ್ಮ ಗಾಡಿ ನೋಡ್ಕೋ ಅಂತ ಕೂರಿಸಿ ಎಣ್ಣೆ ತರೋಕೆ ಹೋದಳು. ಕೊಟ್ರ ಇಯರ್‌ಫೋನು ಕಿವಿಗೆ ಸಿಗಿಸಿಕೊಂಡ, ಕಣ್ಣು ಮುಚ್ಚಿದ. ಒಂದು ಹೋರಿ ಬಂತು. ಒಂದು ಬುಟ್ಟಿ ಮಂಡಕ್ಕಿ ತಿಂತು, ಎರಡನೇ ಬುಟ್ಟಿ ತಿಂತು, ಹಸಿಮೆಣಸಿನಕಾಯಿ ಕಡಿದು ಗಾಡೀನೂ ಒದ್ದು ಹೋಯ್ತು!

"ಅಯ್ಯೋ ನನ್ನ ಕರ್ಮವೇ!" ಹಾಲಮ್ಮ ಬಾಯಿ ಬಾಯಿ ಬಡ್ಕೊಂಡಳು. "ಕಣ್ಣು ಮುಚ್ಚಿ ಕೂರ್ತಾರೇನಲೇ? ಹತ್ರ ಬಂದ್ರೆ ಕೋಲು ತಗೊಂಡು ಹೈ ಹೈ ಅಂತ ಅಟ್ಟಬೇಕು!"

"ಆಯ್ತವ್ವ, ಇನ್ನು ಮೇಲೆ ಹಂಗೇ ಮಾಡ್ತೀನಿ."

ಮಾರನೇ ದಿನ ಕೊಟ್ರ ಕಂಬಳಿ ನೇಯೋ ದ್ಯಾಮಜ್ಜನ ಮನೆಗೆ ಹೋದ. ಫೋನಲ್ಲಿ ರೆಕಾರ್ಡ್ ಒತ್ತಿ ಕೆಳಗಿಟ್ಟ. ಒಂದು ಕೈಯಲ್ಲಿ ಕೋಲು! ಅಜ್ಜ ಶುರು ಮಾಡಿದ, "ನಮ್ಮಪ್ಪನ ಕಾಲದಲ್ಲಿ..." ಸೊಸೆ ಚಾ ತಂದಳು. "ಹೈ! ಹೈ!" ಚಾ ನೆಲಕ್ಕೆ. ಅಜ್ಜ ಮತ್ತೆ ಅಂದ, "ನಮ್ಮಪ್ಪನ ಕಾಲದಲ್ಲಿ..." ಕಂಬಳಿ ಕೊಳ್ಳೋಕೆ ಒಬ್ಬ ಬಂದ. "ಹೈ! ಹೈ!" ಅವನು ಚಪ್ಪಲಿ ಬಿಟ್ಟೇ ಓಡಿದ. ಕೊನೆಗೆ ಅಜ್ಜನೇ ಫೋನ್ ನೋಡೋಣ ಅಂತ ಹತ್ರ ಬಗ್ಗಿದ. ಅಜ್ಜನಿಗೂ "ಹೈ!"

ಮೇಡಂ ಕೇಳಿ ತಲೆ ಹಿಡ್ಕೊಂಡ್ರು. "ಕೊಟ್ರೇಶ್! ಇದು ಸಂದರ್ಶನವಾ, ದನ ಕಾಯೋದಾ? ರೆಕಾರ್ಡ್ ಮಾಡುವಾಗ ಒಂದು ಸಣ್ಣ ಸದ್ದೂ ಇರಬಾರದು, ತಿಳೀತಾ?"

"ತಿಳೀತು ಮೇಡಂ."

ಮನೇಲಿ ಹಾಲಮ್ಮ ಕೇಳಿದಳು, "ಏನಂದ್ರಲೇ?"

"ಸದ್ದೇ ಇರಬಾರದಂತವ್ವ."

"ಮಾತಾಡೋ ಪರೀಕ್ಷೇಲಿ ಸದ್ದು ಮಾಡಬಾರದಾ? ಏನೋ ಐತೆ ಇದರೊಳಗೆ! ನಿನ್ನ ಫೇಲ್ ಮಾಡೋಕೇ ಹಿಂಗೆ ಹೇಳಿರ್ತಾಳೆ ನೋಡು!" ಫೋನನ್ನ ತಿರುಗಿಸಿ ನೋಡಿದಳು, ಅಲ್ಲಾಡಿಸಿ ನೋಡಿದಳು, ಮೂಸಿ ಕೂಡ ನೋಡಿದಳು.

ಕೊಟ್ರ ಸೋಬಾನೆ ಹಾಡೋ ಗುರುಸಿದ್ದಜ್ಜಿ ಮನೆಗೆ ಹೋದ. ಅಜ್ಜಿ ಗಂಟಲು ಸರಿ ಮಾಡ್ಕೊಂಡಳು. "ಶ್! ಒಂದು ಸಣ್ಣ ಸದ್ದೂ ಬೇಡಜ್ಜಿ!" ಅಜ್ಜಿ ಬಾಯಿ ಮುಚ್ಚಿದಳು. ಅವಳು ಇವನನ್ನ ನೋಡಿದಳು, ಇವನು ಅವಳನ್ನ ನೋಡಿದ. ಹತ್ತು ನಿಮಿಷ ಆಯ್ತು. "ಬಾಳ ಚಂದ ಬಂತಜ್ಜಿ" ಅಂತ ಕಾಲಿಗೆ ಬಿದ್ದು ಬಂದ.

"ಏನಿದು, ಏನೂ ಕೇಳಿಸ್ತಿಲ್ಲ!" ಅಂದ್ರು ಮೇಡಂ.

"ಒಂದು ಸದ್ದೂ ಇಲ್ಲ ಮೇಡಂ, ಚೆನ್ನಾಗಿ ಕೇಳಿ!"

ಮೇಡಂ ಅವನನ್ನ ಎದುರಿಗೆ ಕೂರಿಸ್ಕೊಂಡ್ರು. ಆಮೇಲೆ ಸಮಾಧಾನವಾಗಿ ಹೇಳಿದ್ರು, "ನೋಡಪ್ಪ, ಮನೇಲಿ ಮಾತಾಡೋ ಹಾಗೆ ಮಾತಾಡ್ಬೇಕು. ಎದುರಿಗೆ ಫೋನಿದೆ ಅನ್ನೋದೇ ಗೊತ್ತಾಗಬಾರದು. ಸೋಮವಾರ ಹೊರಗಿನ ಪರೀಕ್ಷಕರು ಬರ್ತಾರೆ. ಅವತ್ತು ತರದಿದ್ರೆ ನಾನೂ ಏನೂ ಮಾಡೋಕಾಗಲ್ಲ."

ಸೋಮವಾರ ಬಂತು. ಹಾಲಮ್ಮನಿಗೆ ನಿಲ್ಲೋಕಾಗಲಿಲ್ಲ, ಕೂರೋಕಾಗಲಿಲ್ಲ. ಗಾಡಿಗೆ ಗೋಣಿ ಹೊದಿಸಿ ಹೋಗಿ ಕ್ಲಾಸಿನ ಕಿಟಕಿ ಹಿಡ್ಕೊಂಡು ನಿಂತಳು. ಒಳಗೆ ಮೇಡಂ, ಪಕ್ಕದಲ್ಲಿ ಕನ್ನಡಕದ ಪರೀಕ್ಷಕರು, ಎದುರಿಗೆ ಕೊಟ್ರ. ಕೊಟ್ರ ಫೋನು ಒತ್ತಿದ.

"ಏನೋ ಐತೆ ಇದರೊಳಗೆ!" ಅಂತು ಫೋನು.

ಹಾಲಮ್ಮ ಕಿಟಕಿಗೆ ಕಿವಿ ಹಚ್ಚಿದಳು. ಅವಳದೇ ದನಿ! ಪೆದ್ದ ಮಗ ಮಂಡಕ್ಕಿ ಬುಟ್ಟಿ ಹಿಂದೆ ಫೋನು ಇಟ್ಟಿದ್ದ! "ಇಪ್ಪತ್ತು ವರ್ಷದಿಂದ ನೋಡ್ತಿದೀನಿ ಕಣಲೇ. ಆಗಿನ ಮೇಷ್ಟ್ರು ಗೇಟಿನವರೆಗೂ ಪಾಠ ಹೇಳ್ಕೊಂಡೇ ಬರೋರು, ಮಿರ್ಚಿ ಆರಿ ಹೋದ್ರೂ ಮಾತು ನಿಲ್ಲಿಸ್ತಿರಲಿಲ್ಲ. ಹುಡುಗರು ಇಲ್ಲೇ ನಿಂತು ಜಗಳ ಆಡೋರು, ರಾಜ ತಪ್ಪು ಮಾಡಿದ, ಇಲ್ಲ ಮಾಡಲಿಲ್ಲ ಅಂತ. ಈಗ ಎಲ್ಲರ ಕಿವೀಲೂ ದಾರ! ಯಾರಿಗೂ ಯಾರ ಮಾತೂ ಬೇಡ. ಈ ಮೇಡಂ ಕೈಗಂತೂ ಸೀಮೆಸುಣ್ಣಾನೇ ಮೆತ್ತಿಲ್ಲ..."

ಪರೀಕ್ಷಕರು ಮೊದಲು ನಕ್ಕರು. ಆಮೇಲೆ ಕನ್ನಡಕ ತೆಗೆದಿಟ್ಟು ಕಿವಿಗೊಟ್ಟು ಕೇಳಿದ್ರು. "ಮೇಡಂ, ಇದು ಈ ಕಾಲೇಜಿನದೇ ಇತಿಹಾಸ! ಬೆಳಗಿಂದ ಇಂಥದ್ದೊಂದು ಕೇಳಿಲ್ಲ" ಅಂತ ಪೆನ್ನು ಎತ್ತಿದ್ರು.

ಕಿಟಕಿ ಆಚೆ ಹಾಲಮ್ಮ ಆ ಪೆನ್ನು ನೋಡಿ ಬೆಚ್ಚಿದಳು. ಹೊರಗಿನವರು ಬಂದು ತನ್ನ ಮಾತು ಕೇಳ್ತಿದಾರೆ, ಪಕ್ಕದಲ್ಲೇ ಆ ಮೇಡಂ! ಮಗನ ಗತಿ ಮುಗೀತು ಅಂದ್ಕೊಂಡಳು. "ನಾನು ಹೇಳಲಿಲ್ವಾ? ಅಳಿಸಲೇ ಕೊಟ್ರ! ಅಳಿಸಿ ಹಾಕೋ ಅದನ್ನ!"

ಕೊಟ್ರ ಒತ್ತಿದ. ಖಂಡಿತಾ ಅಳಿಸಲಾ ಅಂತ ಫೋನು ಕೇಳ್ತು. ಖಂಡಿತಾ ಅಂತ ಒತ್ತಿದ. "ಅಳಿಸಿದೆ ಅವ್ವಾ!"

ಮೇಡಂ ಕೂತಲ್ಲಿಂದ ಎದ್ದೇ ಬಿಟ್ರು. "ಅಯ್ಯೋ ಹಾಲಮ್ಮ! ಅವರು ಮಾರ್ಕ್ಸ್ ಹಾಕ್ತಿದ್ರು, ಒಳ್ಳೇ ಮಾರ್ಕ್ಸ್!"

ಹಾಲಮ್ಮ ಕಿಟಕಿ ಸರಳಿಗೆ ಹಣೆ ಚಚ್ಕೊಂಡಳು. ಪರೀಕ್ಷಕರು ಗಡಿಯಾರ ನೋಡಿದ್ರು. "ರೆಕಾರ್ಡಿಂಗ್ ಇಲ್ಲದೆ ಮಾರ್ಕ್ಸ್ ಹಾಕೋ ಹಾಗಿಲ್ಲಮ್ಮ. ಐದು ಗಂಟೆಗೆ ಕಳಿಸಬೇಕು. ಇನ್ನು ಕಾಲು ಗಂಟೆ ಇದೆ."

ಹಾಲಮ್ಮ ಸರಳು ಬಿಟ್ಟಳು. ಕಣ್ಣು ಒರೆಸ್ಕೊಂಡಳು. ಬಾಗಿಲು ದಾಟಿ ಒಳಗೇ ಬಂದಳು. "ಅಷ್ಟೇ ತಾನೇ ಸಾಹೇಬ್ರೆ? ಬೈದೋಳು ನಾನು, ಇನ್ನೊಂದು ಸಲ ಬೈತೀನಿ. ಲೇ ಕೊಟ್ರ, ಹಿಡ್ಕೋ ಫೋನು!"

ಕೊಟ್ರ ಎರಡೂ ಕೈಯಲ್ಲಿ ಹಿಡ್ಕೊಂಡ.

ಹಾಲಮ್ಮ ಶುರು ಮಾಡಿದಳು. ಹಳೇ ಮೇಷ್ಟ್ರುಗಳನ್ನ ಹೊಗಳಿದಳು, ಹೊಸ ಮೇಡಂನ ಎದುರಿಗೇ ಬೈದಳು. ಬೈತಾ ಬೈತಾ ಮೇಡಂ ಕೈ ಹಿಡ್ಕೊಂಡಳು. "ನನ್ನ ಮಗ ಪೆದ್ದ ಅಂತ ಊರಿಗೇ ಗೊತ್ತು. ಅವನಿಗೆ ಯಾರೂ ಸುಮ್ಮನೆ ಒಳ್ಳೇದು ಮಾಡಿಲ್ಲ ತಾಯಿ. ಅದಕ್ಕೇ ಒಳ್ಳೇದು ಮಾಡೋರು ಬಂದ್ರೂ ನಂಗೆ ಅನುಮಾನ. ಈ ಹುಡುಗನ್ನ ಕೂರಿಸಿ ಮೂರು ಸಲ ಹೇಳಿಕೊಟ್ಟೋಳು ನೀನೊಬ್ಬಳೇ, ನಿನ್ನನ್ನೇ ಕಳ್ಳಿ ಅಂದ್ಕೊಂಡೆ. ತಪ್ಪಾಯ್ತು."

ಮೇಡಂ ಸೆರಗಲ್ಲಿ ಮೂಗು ಒರೆಸ್ಕೊಂಡ್ರು. ಪರೀಕ್ಷಕರು ಮತ್ತೆ ಗಡಿಯಾರ ನೋಡಿದ್ರು. "ಮೊದಲಿನದಕ್ಕಿಂತ ಇದೇ ಚೆನ್ನಾಗಿತ್ತು. ಇನ್ನೆರಡು ನಿಮಿಷ ಇದೆ, ಕಳಿಸಪ್ಪ ಬೇಗ."

"ಏನು ಕಳಿಸಲಿ ಸಾರ್?"

"ಈಗ ರೆಕಾರ್ಡ್ ಮಾಡಿದ್ಯಲ್ಲ, ಅದನ್ನ!"

ಕೊಟ್ರ ಅವ್ವನ ಮುಖ ನೋಡಿದ. ಫೋನು ಇನ್ನೂ ಎರಡೂ ಕೈಯಲ್ಲಿತ್ತು, ಒಂಚೂರೂ ಅಲ್ಲಾಡದ ಹಾಗೆ.

"ಹಿಡ್ಕೋ ಅಂದಿ, ಹಿಡ್ಕೊಂಡೆ. ಒತ್ತು ಅಂತ ಅನ್ನಲೇ ಇಲ್ಲವಲ್ಲವ್ವ!"