ಸುಗಂಧರಾಯನ ಉಳಿತಾಯ ಪಾಠ

ಒಂದು ಕಾಡಿನಲ್ಲಿ ತಾಯಂದಿರೆಲ್ಲ ಕೊನೆಗೆ ಉಣ್ಣುತ್ತಿದ್ದರು. ಹಾಗೆಂದು ಯಾರೂ ಕಟ್ಟಳೆ ಮಾಡಿರಲಿಲ್ಲ. ಹುಲಿರಾಯ ಡಂಗುರವನ್ನೂ ಹೊಡೆಸಿರಲಿಲ್ಲ. ಮೊದಲು ಮಕ್ಕಳು, ಆಮೇಲೆ ಗಂಡ, ಆಮೇಲೆ ಬಂದವರು ಹೋದವರು. ಎಲ್ಲರದೂ ಮುಗಿದ ಮೇಲೆ ತಳದಲ್ಲಿ ಏನಾದರೂ ಮಿಕ್ಕಿದ್ದರೆ ತಾಯಿ. ಇದನ್ನು ನೋಡಿ ಯಾರಿಗೂ ಏನೂ ಅನ್ನಿಸುತ್ತಿರಲಿಲ್ಲ. ನನಗಂತೂ ಹೇಳುವಾಗಲೇ ಮೈ ಉರಿಯುತ್ತದೆ. ಇರಲಿ, ಮುಂದೆ ಕೇಳಿ.

ಆ ಕಾಡಿನ ಒಂದು ಇಪ್ಪೆ ಮರದ ಸುತ್ತ ಮೂರು ಸಂಸಾರಗಳಿದ್ದವು. ಮರದ ಮೇಲೆ ಅಳಿಲು ಚಿಗುರಮ್ಮ. ಬುಡದ ಪೊದೆಯಲ್ಲಿ ಮೊಲ ಗರಿಕಮ್ಮ. ಸ್ವಲ್ಪ ಆಚೆ, ಬಂಡೆಯ ಕೆಳಗಿನ ಬಿಲದಲ್ಲಿ ಮುಳ್ಳುಹಂದಿ ಬಾಣಕ್ಕ. ಮೂವರಿಗೂ ಮನೆ ತುಂಬ ಮಕ್ಕಳು. ಗರಿಕಮ್ಮನಂತೂ ಆಗಷ್ಟೇ ಹೆತ್ತಿದ್ದಳು. ಓಡಾಡುವ ದೊಡ್ಡ ಮಕ್ಕಳ ಜೊತೆಗೆ ಕಣ್ಣು ಪಿಳಿಪಿಳಿ ಬಿಡುವ ಪುಟ್ಟ ಮರಿಗಳು. ಆ ಮರಿಗಳಿಗೆ ಇನ್ನೂ ಹುಲ್ಲು ಕಚ್ಚಲು ಬರುತ್ತಿರಲಿಲ್ಲ. ತಾಯಿಯ ಹಾಲೊಂದೇ ಗತಿ. ತಾಯಿ ತಿಂದರೆ ಹಾಲು, ಇಲ್ಲದಿದ್ದರೆ ಇಲ್ಲ.

ಹಾಗೆ ನೋಡಿದರೆ ಈ ಮೂವರಿಗೂ ಉಳಿತಾಯವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಚಿಗುರಮ್ಮ ದೊಡ್ಡ ಮಗುವಿಗೆ ಹಾಸಿದ್ದ ಬೂರುಗದ ಅರಳೆಯನ್ನೇ ಬಿಸಿಲಿಗೆ ಹಾಕಿ ಸಣ್ಣದಕ್ಕೆ ಹಾಸುತ್ತಿದ್ದಳು. ಬಾಣಕ್ಕ ಗೆಡ್ಡೆ ಅಗೆದರೆ ಅದರ ತಲೆಯನ್ನು ಮತ್ತೆ ಮಣ್ಣಲ್ಲಿ ಹುಗಿದು ಮುಂದಿನ ವರ್ಷಕ್ಕೆ ಇನ್ನೊಂದು ಗೆಡ್ಡೆ ಮಾಡಿಕೊಳ್ಳುತ್ತಿದ್ದಳು. ಒಬ್ಬಳು ಮೇವಿಗೆ ಹೋದರೆ ಇನ್ನೊಬ್ಬಳು ಎಲ್ಲರ ಮಕ್ಕಳನ್ನೂ ನೋಡಿಕೊಳ್ಳುತ್ತಿದ್ದಳು. ಎಲಚಿ ಹಣ್ಣಿನ ಕಾಲದಲ್ಲಿ ಹಣ್ಣು ಒಣಗಿಸಿ ಬೇಸಿಗೆಗೆ ಎತ್ತಿಡುತ್ತಿದ್ದರು. ಬೆಳಗ್ಗೆ ಎದ್ದವರಿಗೆ ಕತ್ತಲಾಗುವವರೆಗೆ ಕೂರಲು ಪುರುಸೊತ್ತಿರಲಿಲ್ಲ.

ಪುರುಸೊತ್ತು ಇದ್ದವನು ಒಬ್ಬನೇ. ಅವನೇ ಪುನುಗಿನ ಬೆಕ್ಕು ಸುಗಂಧರಾಯ. ಹೆಂಡತಿ ಇಲ್ಲ, ಮಕ್ಕಳಿಲ್ಲ, ಕೆಲಸವಂತೂ ಇಲ್ಲವೇ ಇಲ್ಲ. ಹಗಲೆಲ್ಲ ಈಚಲು ಮರದ ತುದಿಯಲ್ಲಿ ನಿದ್ದೆ. ಸಂಜೆ ಎದ್ದು ಮೈ ನೆಕ್ಕಿಕೊಂಡು, ಮೀಸೆ ತೀಡಿಕೊಂಡು ಹೊರಟರೆ ದಾರಿಯುದ್ದಕ್ಕೂ ಪುನುಗಿನ ಘಮ. ಅವನ ಮಾತೂ ಹಾಗೇ ಘಮಘಮ. ಒಬ್ಬರಿಗೆ ಒಂದು ಹಣ್ಣು ತಂದುಕೊಟ್ಟವನಲ್ಲ, ಒಂದು ಮರಿಯ ಮೂಗು ಒರೆಸಿದವನಲ್ಲ. ಇಂಥವನಿಗೆ ಒಂದು ದಿನ ತಾಯಂದಿರಿಗೆ ಸಂಸಾರ ನಡೆಸುವುದನ್ನು ಕಲಿಸಬೇಕು ಅನ್ನಿಸಿತು.

ಅವನು ಬಂಡೆ ಹತ್ತಿ ಕುಳಿತು ಉಳಿತಾಯದ ಬಗ್ಗೆ ಭಾಷಣ ಶುರುಮಾಡಿದ. ಯಾರೂ ಬರಲಿಲ್ಲ. ಬರಲು ಬಿಡುವೆಲ್ಲಿದೆ? ಆಗ ಸುಗಂಧರಾಯ ತಾನೇ ಮನೆಮನೆಗೆ ಹೊರಟ. ಅದೂ ಯಾವಾಗ? ಸರಿಯಾಗಿ ಊಟದ ಹೊತ್ತಿಗೆ. ಹತ್ತಿರದ ದಾರಿಯಲ್ಲಿ ನಡೆಯಿರಿ, ಕಾಲಿನ ಶಕ್ತಿ ಉಳಿಯುತ್ತದೆ ಎಂದ. ಅರಳೆಯನ್ನು ಎಸೆಯಬೇಡಿ, ಒಣಗಿಸಿ ಮತ್ತೆ ಹಾಸಿ ಎಂದ. ಚಿಗುರಮ್ಮ ವರ್ಷಗಳಿಂದ ಮಾಡುತ್ತಿದ್ದುದನ್ನು ಚಿಗುರಮ್ಮನಿಗೇ ಹೇಳಿಕೊಟ್ಟು, ಅವಳ ಮನೆಯ ಹಣ್ಣನ್ನೇ ತಿಂದು, ಬಾಯಿ ಒರೆಸಿಕೊಂಡು ಹೋದ. ಆದರೂ ಅವಳು ತಲೆದೂಗಿದಳು. ಅಷ್ಟು ಘಮಘಮಿಸುವವನು ಹೇಳಿದ ಮೇಲೆ ಏನೋ ದೊಡ್ಡ ವಿಷಯವೇ ಇರಬೇಕು ಎಂದುಕೊಂಡಳು, ಪಾಪ.

ಹೀಗೆ ತಿರುಗುತ್ತಾ ಅವನು ಒಂದು ಸಂಗತಿ ಕಂಡುಕೊಂಡ. ಎಲ್ಲರ ಊಟ ಮುಗಿದಾಗ ಪ್ರತಿ ಮನೆಯಲ್ಲೂ ಮೂಲೆಯಲ್ಲಿ ಸ್ವಲ್ಪ ಮಿಕ್ಕಿರುತ್ತಿತ್ತು. ಅದು ತಾಯಿಯ ಪಾಲು. ಅವನು ಗರಿಕಮ್ಮನನ್ನು ಬಹಳ ಮರ್ಯಾದೆಯಿಂದ ಕೇಳಿದ, "ತಾಯಿ, ನಿಮ್ಮದು ಊಟ ಆಯ್ತಾ?"

ಬಂದವರ ಮುಂದೆ ಗಬಗಬ ತಿನ್ನುವುದು ಹೇಗೆ ಎಂದು ಅವಳಿಗೆ ಸಂಕೋಚ. "ನಂದಾಯ್ತು ಸ್ವಾಮಿ" ಎಂದಳು.

ಅವಳು ತಿಂದಿರಲಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅಲ್ಲೇ ಕುಳಿತು ನೋಡಿದ್ದನಲ್ಲ. ಆದರೂ ಮುಖ ಅರಳಿಸಿಕೊಂಡು, ಹಾಗಾದರೆ ಈ ಮೂಲೆಯಲ್ಲಿರುವುದು ಹೆಚ್ಚಾದದ್ದು, ನಾಳೆ ಕೊಳೆತು ಹೋಗುತ್ತದೆ ಎಂದ. ದೊಡ್ಡ ಹುಣಸೆ ಮರದ ಬುಡದಲ್ಲಿ ತನಗೆ ಒಂದು ಪೊಟರೆ ಇದೆ, ಅಲ್ಲಿ ತಾಯಂದಿರ ನಿಧಿ ಕಟ್ಟೋಣ, ದಿನವೂ ಮಿಕ್ಕಿದ್ದನ್ನು ತಂದು ಹಾಕಿ, ಬೇಸಿಗೆ ಬಂದಾಗ ಎರಡರಷ್ಟು ಕೊಡುತ್ತೇನೆ ಎಂದ. ಗರಿಕಮ್ಮ ಅನುಮಾನಿಸಿದಳು. ಆಗ ಅವನು ದನಿ ತಗ್ಗಿಸಿ, ಚಿಗುರಮ್ಮ ಆಗಲೇ ತಂದು ಹಾಕುತ್ತಿದ್ದಾಳೆ, ಬಾಣಕ್ಕನೂ ಹಾಕುತ್ತಿದ್ದಾಳೆ, ಅವರ ಮನೆಯಲ್ಲಿ ಆಗುವುದು ನಿಮ್ಮ ಮನೆಯಲ್ಲಿ ಯಾಕಾಗುವುದಿಲ್ಲ ಎಂದು ಕೇಳಿದ. ಇದೇ ಮಾತನ್ನು ಹೆಸರು ಬದಲಿಸಿ ಚಿಗುರಮ್ಮನಿಗೂ ಹೇಳಿದ, ಬಾಣಕ್ಕನಿಗೂ ಹೇಳಿದ.

ನೋಡಿ, ಕಳ್ಳತನ ಮಾಡುವವರಿಗೂ ಒಂದು ನಾಚಿಕೆ ಇರುತ್ತದೆ, ಕದ್ದುಮುಚ್ಚಿ ಮಾಡುತ್ತಾರೆ. ಇವನು ಹಸಿದವಳ ಕೈಯಿಂದಲೇ ಅವಳ ತುತ್ತನ್ನು ತನ್ನ ಪೊಟರೆಗೆ ಹೊರಿಸಿಕೊಂಡ.

ಪ್ರತಿಯೊಬ್ಬ ತಾಯಿಗೂ ತಾನೊಬ್ಬಳೇ ಕೈಲಾಗದವಳು, ಉಳಿದವರೆಲ್ಲ ಸಂಸಾರವನ್ನು ಜಾಣತನದಿಂದ ತೂಗಿಸುತ್ತಿದ್ದಾರೆ ಎಂಬ ಅಳುಕು ಹುಟ್ಟಿತು. ಒಬ್ಬಳೂ ಇನ್ನೊಬ್ಬಳ ಹತ್ತಿರ ಬಾಯಿ ಬಿಡಲಿಲ್ಲ. ಸಂಜೆಯಾದರೆ ತಮ್ಮ ಪಾಲನ್ನು ಎಲೆಯಲ್ಲಿ ಕಟ್ಟಿಕೊಂಡು ಹುಣಸೆ ಮರಕ್ಕೆ ಹೊರಡುತ್ತಿದ್ದರು. ದಾರಿಯಲ್ಲಿ ಎದುರಾದರೆ ನಗುತ್ತಿದ್ದರು. ಸುಗಂಧರಾಯ ಆಗಾಗ ಸಭೆ ಸೇರಿಸಿ ಒಬ್ಬಳನ್ನು ಹೊಗಳುತ್ತಿದ್ದ. ಯಾರನ್ನು ಗೊತ್ತೇ? ಎಲ್ಲರಿಗಿಂತ ಹೆಚ್ಚು ಸೊರಗಿದವಳನ್ನು. ಒಂದು ಸಲ ಗರಿಕಮ್ಮನನ್ನು ಬಂಡೆಯ ಮೇಲೆ ನಿಲ್ಲಿಸಿ ಮುತ್ತುಗದ ಹೂವಿನ ಹಾರ ಹಾಕಿದ. ಅವಳ ಭುಜ ಎಷ್ಟು ಬತ್ತಿತ್ತೆಂದರೆ ಹಾರ ಜಾರಿ ಕಾಲಿನ ಹತ್ತಿರ ಬಿತ್ತು. ಕೆಳಗೆ ಕುಳಿತಿದ್ದ ಗಂಡ ಮೊಲ ಕಿವಿ ನೆಟ್ಟಗೆ ಮಾಡಿಕೊಂಡು, ನನ್ನ ಹೆಂಡತಿ ಅಂದರೆ ಸುಮ್ಮನೆಯೇ ಎಂದು ಪಕ್ಕದವರಿಗೆ ಹೇಳಿದ. ಅವಳು ಯಾಕೆ ಹೀಗಾಗಿದ್ದಾಳೆ ಎಂದು ಆ ಮಹಾಶಯ ಕೇಳಲಿಲ್ಲ.

ಒಂದು ದಿನ ಬಾಣಕ್ಕ ಮಕ್ಕಳನ್ನು ನೋಡಿಕೊಳ್ಳಲು ಗರಿಕಮ್ಮನ ಪೊದೆಗೆ ಬಂದಳು. ಪುಟ್ಟ ಮರಿಗಳೆಲ್ಲ ಕುಂಯ್‌ಗುಡುತ್ತಿದ್ದವು. ಎಲ್ಲಕ್ಕಿಂತ ಚಿಕ್ಕದು ಮಾತ್ರ ಸುಮ್ಮನೆ ಬಿದ್ದುಕೊಂಡಿತ್ತು. ಬಾಣಕ್ಕ ಮೂಗಿನಿಂದ ಮುಟ್ಟಿ ನೋಡಿದಳು. ಮೈ ತಣ್ಣಗಿತ್ತು, ಉಸಿರು ಮಾತ್ರ ಸಣ್ಣಗೆ ಆಡುತ್ತಿತ್ತು. ಗರಿಕಮ್ಮ ಅದನ್ನು ಎದೆಗೆ ಒತ್ತಿಕೊಂಡು ಕುಡಿಸಲು ನೋಡುತ್ತಿದ್ದಳು. ಹಾಲು ಇರಲಿಲ್ಲ.

ನೀನು ಏನಾದರೂ ತಿಂದೆಯಾ ಎಂದು ಬಾಣಕ್ಕ ಕೇಳಿದಳು.

"ನಂದಾಯ್ತಕ್ಕ" ಎಂದಳು ಗರಿಕಮ್ಮ. ಹೇಳುವಾಗ ಅವಳು ಬಾಣಕ್ಕನ ಮುಖ ನೋಡಲಿಲ್ಲ.

ಅದೇ ಮಾತನ್ನು ಬಾಣಕ್ಕನೂ ಬೆಳಗ್ಗೆ ತನ್ನ ಮಕ್ಕಳಿಗೆ ಹೇಳಿ ಬಂದಿದ್ದಳು, ಬೇರೆ ಕಡೆ ನೋಡಿಕೊಂಡು. ಅವಳಿಗೆ ಎಲ್ಲ ಅರ್ಥವಾಯಿತು.

"ನಂದಾಗಿಲ್ಲ ಕಣೆ" ಎಂದಳು. "ನಿನ್ನೆನೂ ಆಗಿಲ್ಲ, ಮೊನ್ನೆನೂ ಆಗಿಲ್ಲ. ನೀವೆಲ್ಲ ನಿಭಾಯಿಸ್ತಿದೀರಿ, ನಂಗೊಬ್ಬಳಿಗೇ ಆಗ್ತಿಲ್ಲ ಅಂದ್ಕೊಂಡಿದ್ದೆ. ನಂಗೆ ಹೊಟ್ಟೆ ಹಸೀತಿದೆ."

ಗರಿಕಮ್ಮ ಬಿಕ್ಕಿ ಬಿಕ್ಕಿ ಅತ್ತಳು. ಮರದ ಮೇಲೆ ಕೇಳಿಸಿಕೊಳ್ಳುತ್ತಿದ್ದ ಚಿಗುರಮ್ಮ ಕೆಳಗಿಳಿದು ಬಂದು, ತನಗೂ ಹಸಿವು ಎಂದಳು. ಕೊಂಬೆಯಿಂದ ಕೊಂಬೆಗೆ ಹಾರುವಾಗ ಈಗೀಗ ಕಣ್ಣು ಕತ್ತಲೆ ಬರುತ್ತದೆ ಎಂದಳು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಳು ನಿಂತಿತು. ಅಳುವಿನ ಜಾಗದಲ್ಲಿ ಕೋಪ ಬಂತು. ನಮ್ಮ ಪಾಲು ನಾವು ತರೋಣ ನಡೆಯಿರಿ ಎಂದು ಬಾಣಕ್ಕ ಮುಂದೆ ಹೊರಟಳು. ಗರಿಕಮ್ಮ ಚಿಕ್ಕ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಹಿಂದೆ ನಡೆದಳು. ದೊಡ್ಡ ಮಕ್ಕಳೂ, ಏನು ಗಲಾಟೆ ಎಂದು ನೋಡಲು ಗಂಡಂದಿರೂ ಹಿಂದೆಯೇ ಬಂದರು.

ಸುಗಂಧರಾಯ ಪೊಟರೆಯ ಬಾಗಿಲಲ್ಲಿ ಹೊಟ್ಟೆ ಮೇಲೆ ಮಾಡಿಕೊಂಡು ಮಲಗಿದ್ದ. ಅವನ ಕತ್ತು ಯಾವುದು, ಎದೆ ಯಾವುದು ಎಂದು ಗೊತ್ತಾಗದಷ್ಟು ಕೊಬ್ಬಿದ್ದ. ತಾಯಂದಿರು ತಮ್ಮ ಪಾಲು ಕೇಳಿದರು. ಅವನು ಬೇಸರದಿಂದ ತಲೆಯಾಡಿಸಿದ. ಬೇಸಿಗೆ ಇನ್ನೂ ಬಂದಿಲ್ಲ, ನಡುವೆ ನಿಧಿ ಒಡೆದರೆ ಇಷ್ಟು ದಿನದ ಶ್ರಮವೆಲ್ಲ ವ್ಯರ್ಥ, ಹೆಂಗಸರಿಗೆ ತಾಳ್ಮೆಯೇ ಇಲ್ಲ ಎಂದು ಬುದ್ಧಿ ಹೇಳಿದ. ಬಾಣಕ್ಕ ಜಾಗ ಬಿಡಲಿಲ್ಲ. ಆಗ ಅವನು ಎದ್ದು ಕುಳಿತು ಎಲ್ಲರಿಗೂ ಕೇಳುವಂತೆ ಹೇಳಿದ.

"ನಾನೇನು ಕಿತ್ಕೊಂಡು ಬಂದಿಲ್ಲವಲ್ಲ ತಾಯಿ. ಊಟ ಆಯ್ತಾ ಅಂತ ಕೇಳಿದೆ. ಆಯ್ತು ಅಂತ ನೀವೇ ಹೇಳಿದಿರಿ. ಮಕ್ಕಳ ಮುಂದೆಯೇ ಹೇಳಿದಿರಿ. ಅದು ಸುಳ್ಳು ಅನ್ನೋದಾದರೆ ಈಗ ಮಕ್ಕಳ ಮುಂದೆಯೇ ಒಪ್ಕೊಳ್ಳಿ."

ಇದು ಅವನ ದೊಡ್ಡ ಲೆಕ್ಕಾಚಾರ. ಮಕ್ಕಳೆದುರು ಯಾವ ತಾಯಿ ತಾನು ಸುಳ್ಳುಗಾರ್ತಿ ಎಂದು ಒಪ್ಪುತ್ತಾಳೆ? ಚಿಗುರಮ್ಮ ತಲೆ ತಗ್ಗಿಸಿದಳು. ಗರಿಕಮ್ಮ ಬಾಯಲ್ಲಿದ್ದ ಮರಿಯನ್ನು ಮೆಲ್ಲಗೆ ನೆಲಕ್ಕಿಟ್ಟಳು. ಅದರ ಪಕ್ಕದಲ್ಲೇ ನೆಟ್ಟಗೆ ನಿಂತಳು.

"ಹೌದು ಸ್ವಾಮಿ, ಸುಳ್ಳು ಹೇಳಿದೆ" ಎಂದಳು. "ನನ್ನ ಮಕ್ಕಳ ಹೊಟ್ಟೆ ತುಂಬಲಿ ಅಂತ ಹೇಳಿದೆ. ನಿಮ್ಮ ಹೊಟ್ಟೆ ತುಂಬಲಿ ಅಂತ ಹೇಳಲಿಲ್ಲ. ಈಗ ನಿಜ ಹೇಳ್ತೀನಿ ಕೇಳಿ. ನಂಗೆ ಹಸಿವು. ನಾನು ಉಣ್ಣದೆ ಈ ಕೂಸು ಸಾಯ್ತಿದೆ. ದಾರಿ ಬಿಡಿ."

ದೊಡ್ಡ ಮಕ್ಕಳು ಬೆಪ್ಪಾಗಿ ತಾಯಿಯನ್ನು ನೋಡಿದವು. ಗಂಡ ಮೊಲದ ಕಿವಿಗಳು ಜೋತುಬಿದ್ದವು. ಬಾಣಕ್ಕ ಮೈಮೇಲಿನ ಮುಳ್ಳನ್ನೆಲ್ಲ ನಿಮಿರಿಸಿ ಹಿಂದುಹಿಂದಕ್ಕೆ ನಡೆದಳು. ಮುಳ್ಳಿನ ತುದಿ ಹೊಟ್ಟೆಗೆ ತಾಗುವಷ್ಟು ಹತ್ತಿರ ಬಂದಾಗ ಸುಗಂಧರಾಯ ತಾನಾಗಿಯೇ ಪಕ್ಕಕ್ಕೆ ಸರಿದ.

ಒಳಗೆ ಹೋಗಿ ನೋಡಿದರೆ ಅರ್ಧ ಪೊಟರೆ ತುಂಬ ಬರೀ ಬೀಜ. ಎಲಚಿ ಬೀಜ, ನೇರಳೆ ಬೀಜ, ಈಚಲು ಬೀಜ. ತಿಂದು ಉಗಿದದ್ದು ಒಂದು ರಾಶಿ, ತಿಂದು ಹಿಂದಿನಿಂದ ಹಾಕಿದ್ದು ಇನ್ನೊಂದು ರಾಶಿ. ಎರಡರಷ್ಟು ಕೊಡುತ್ತೇನೆ ಎಂದಿದ್ದವನ ನಿಧಿ ಅದು. ಅವನಿಗೆ ಇನ್ನೂ ತಿಂದು ಮುಗಿಸಲಾಗದೆ ಮೂಲೆಯಲ್ಲಿ ಸ್ವಲ್ಪ ಒಣ ಹಣ್ಣು, ಗೆಡ್ಡೆ, ಗರಿಕೆ ಬೇರು ಉಳಿದಿದ್ದವು.

ಬಾಣಕ್ಕ ಹುಣಸೆ ಮರದ ನೆರಳಲ್ಲಿ ಮುತ್ತುಗದ ಎಲೆ ಹಾಸಿದಳು. ತಾಯಂದಿರನ್ನು ಪಂಕ್ತಿಯಲ್ಲಿ ಕೂರಿಸಿದಳು. ಬಡಿಸು ಎಂದು ಸುಗಂಧರಾಯನಿಗೆ ಹೇಳಿದಳು. ಹಿಂದೆ ಮುಳ್ಳಿತ್ತು, ಅವನು ಬಡಿಸಿದ. ಬಗ್ಗಿ ಬಗ್ಗಿ ಅಭ್ಯಾಸವಿಲ್ಲದೆ ಅವನಿಗೆ ಏದುಸಿರು ಬಂತು. ಗರಿಕಮ್ಮನ ಎಲೆಗೆ ಹಣ್ಣು ಬಿದ್ದ ಕೂಡಲೇ ಅವಳ ಕೈ ತಾನಾಗಿಯೇ ದೊಡ್ಡ ಮಗನ ಕಡೆ ಚಾಚಿತು. ಬಾಣಕ್ಕ ಆ ಕೈಯನ್ನು ಹಿಡಿದು ಹಿಂದಕ್ಕೆ ತಂದಳು.

"ಅವನು ಬೆಳಗ್ಗೆನೇ ತಿಂದಿದಾನೆ. ಮೊದಲು ನೀನು ತಿನ್ನು" ಎಂದಳು.

ಗರಿಕಮ್ಮ ತಿಂದಳು. ಮೊದಲು ನಾಚಿಕೆಯಿಂದ, ಆಮೇಲೆ ನಾಚಿಕೆ ಬಿಟ್ಟು ತಿಂದಳು. ಮಕ್ಕಳು, ಗಂಡಂದಿರು ಎಲ್ಲ ಸುಮ್ಮನೆ ನಿಂತು ಕಾದರು. ಕಾಯುವುದು ಎಷ್ಟು ಕಷ್ಟ ಎಂದು ಅವರಿಗೆ ಅಂದೇ ಗೊತ್ತಾದದ್ದು. ಸ್ವಲ್ಪ ಹೊತ್ತು ಕಳೆದು ಹಾಲು ಇಳಿಯಿತು. ಗರಿಕಮ್ಮ ಚಿಕ್ಕ ಮರಿಯ ಬಾಯಿಗೆ ಮೊದಲು ಹನಿಹನಿಯಾಗಿ ಬಿಟ್ಟಳು. ಅದು ನಾಲಿಗೆ ಆಡಿಸಿತು. ಆಮೇಲೆ ತಾನೇ ಬಾಯಿ ಹಾಕಿತು.

ಸುಗಂಧರಾಯ ಮೆಲ್ಲಗೆ ಜಾರಿಕೊಳ್ಳಲು ನೋಡಿದ. ಬಾಣಕ್ಕ ಬಿಡಲಿಲ್ಲ. ತಿಂದದ್ದನ್ನೆಲ್ಲ ಬೇಸಿಗೆಗೆ ಮುಂಚೆ ತುಂಬಿಕೊಡಬೇಕು ಎಂದಳು. ಅಂದಿನಿಂದ ಅವನು ಈಚಲು ಮರದ ನಿದ್ದೆ ಬಿಟ್ಟು ಗುಡ್ಡದಾಚೆಯಿಂದ ಗೆಡ್ಡೆ ಅಗೆದು ಹೊತ್ತು ತರಬೇಕಾಯಿತು. ಬೆವರಿಗೆ, ಮಣ್ಣಿಗೆ ಅವನ ಘಮವೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ. ಹೊರೆ ಇಳಿಸಿ ಅವನು ಎಲೆಯ ಮುಂದೆ ಕೂರುವ ಹೊತ್ತಿಗೆ ಕಾಡಿನ ಎಲ್ಲರದೂ ಊಟ ಮುಗಿದಿರುತ್ತಿತ್ತು. ಯಾರಿಗೂ ಅವನ ಮೇಲೆ ಕರುಣೆ ಬರಲಿಲ್ಲ. ನನಗೂ ಬರುವುದಿಲ್ಲ.

ಗಂಡ ಮೊಲ ಮರುದಿನ ತಾನೇ ಹೋಗಿ ಎಳೆ ಗರಿಕೆ ಕಿತ್ತು ತಂದ. ಹೆಂಡತಿಯ ಮುಂದೆ ಇಟ್ಟು, ಅವಳು ತಿನ್ನುವವರೆಗೂ ಅಲ್ಲಿಂದ ಏಳಲಿಲ್ಲ. ಅವಳ ಹೊಟ್ಟೆಗೆ ಆತುಕೊಂಡು ಚಿಕ್ಕ ಮರಿ ಹಾಲು ಕುಡಿಯುತ್ತಾ ಕಾಲು ಒದೆಯುತ್ತಿತ್ತು.

ನೀತಿ: ತಾಯಿಯ ಹೊಟ್ಟೆ ಕಟ್ಟಿ ಕೂಡಿಟ್ಟದ್ದು ಉಳಿತಾಯವಲ್ಲ, ಅದು ಕಳವು. ಉಳಿಸುವುದಿದ್ದರೆ ಮನೆಯವರೆಲ್ಲರ ಪಾಲಿನಿಂದಲೂ ಉಳಿಸಿ. ತಾಯಿ ತನ್ನ ಊಟ ಆಯಿತೆಂದರೆ ಅವಳ ಎಲೆಯನ್ನು ಒಮ್ಮೆ ನೋಡಿ.